ಕುಡಿತ ಬಿಟ್ಟ ಮೇಲೆ ಶುರುವಾಗೋ ಕಷ್ಟ

ನಮ್ಮ ಭಾವ ಮುಂಬೈ ಘಾಟ್ಕೋಪರ್‌ನ ಒಂದು ಪರ್ಮಿಟ್ ರೂಮಲ್ಲಿ, ಅಂದ್ರೆ ಬಾರಲ್ಲಿ, ಹದಿನೈದು ವರ್ಷ ಗಲ್ಲಾ ನೋಡ್ಕೊಂಡಿದ್ದವರು, ಕುಡಿತ ಅಂಟಿದ್ದೂ ಅಲ್ಲೇ. ಬಿಟ್ಟು ಎರಡು ತಿಂಗಳಾದಾಗ ಅಕ್ಕ ಫೋನ್ ಮಾಡಿ ಅತ್ತಳು, "ಕುಡೀತಿದ್ದಾಗ್ಲೇ ಅಡ್ಡಿಯಿರ್ಲಿಲ್ಲ ಮಾರಾಯಾ, ಆಗ ನಗ್ತಾನಾದ್ರೂ ಇದ್ರು, ಈಗ ಯಾವಾಗ್ಲೂ ಸಿಡಿಮಿಡಿ" ಅಂತ. ಬಿಟ್ಟ ಮೇಲೂ ಮೆದುಳಿಗೆ ತಿಂಗಳುಗಟ್ಟಲೆ ಕೆಲಸ ಬಾಕಿ ಇರುತ್ತೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಲೋಕಲ್ ಟ್ರೇನ್ ರಶ್‌ನಲ್ಲಿ ಹಿಂದಿನಿಂದ ಜನ ತಳ್ತಾ ಇದ್ರೆ ನಾವೂ ಹಿಂದಕ್ಕೆ ಒತ್ತಿ ನಿಂತಿರ್ತೀವಲ್ಲ, ದಾದರ್‌ನಲ್ಲಿ ಎಲ್ಲ ಒಟ್ಟಿಗೆ ಇಳಿದ್ರೆ ಹಿಂದಕ್ಕೇ ವಾಲಿಬಿಡ್ತೀವಿ. ಮೆದುಳಲ್ಲೂ ಹಾಗೇ. ಮೆದುಳನ್ನ ಶಾಂತ ಮಾಡೋ ಗಾಬಾ ಅನ್ನೋ ರಾಸಾಯನಿಕದ ಕೆಲಸನ ಮದ್ಯ ಜಾಸ್ತಿ ಮಾಡುತ್ತೆ, ಚುರುಕು ಮಾಡೋ ಗ್ಲುಟಮೇಟ್ ಅನ್ನೋ ಇನ್ನೊಂದರ ಕೆಲಸನ ತಗ್ಗಿಸುತ್ತೆ, ವರ್ಷಗಟ್ಟಲೆ ಇದೇ ಆದ್ರೆ ಮೆದುಳು ಸಮ ಮಾಡ್ಕೊಳ್ಳೋಕೆ ಉಲ್ಟಾ ಕಡೆ ಒತ್ತಿ ನಿಲ್ಲುತ್ತೆ. ಮದ್ಯ ಹೋದ್ರೂ ಆ ಒತ್ತಡ ಉಳಿದಿರುತ್ತೆ. ಅದಕ್ಕೇ ಕೈನಡುಕ, ಬೆವರು, ಕೆಲವರಿಗೆ ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ, ಜೀವಕ್ಕೇ ಅಪಾಯ, ಹಾಗಾಗಿ ದಿನಾ ಜೋರಾಗಿ ಕುಡಿಯೋರು ಡಾಕ್ಟರ್ ಇಲ್ದೆ ಒಮ್ಮೆಲೇ ಬಿಡಲೇಬಾರದು.

ಮೊದಲ ವಾರ ದಾಟಿದ ಕೂಡ್ಲೇ ಮನೆಯವರು ಗೆದ್ವಿ ಅಂದ್ಕೊಳ್ತಾರೆ. ಆದ್ರೆ ನಿದ್ದೆ ತಿಂಗಳುಗಟ್ಟಲೆ ಸರಿ ಬರಲ್ಲ, ಸಣ್ಣ ಸದ್ದಿಗೂ ರೇಗುತ್ತೆ. ಖುಷಿಗೆ ಸಂಬಂಧಪಟ್ಟ ಡೋಪಮಿನ್ ವ್ಯವಸ್ಥೆಯೂ ಮಂಕಾಗಿರುತ್ತೆ, ಮಗಳ ಮಾರ್ಕ್ಸೂ ಬಂಗುಡೆ ಸಾರೂ ಎಲ್ಲಾ ಸಪ್ಪೆ. ಇದನ್ನ ಮನೆಯವರು ಸೊಕ್ಕು ಅಂದ್ಕೊಳ್ತಾರೆ, ನನಗೆ ತುಂಬಾ ನೋವಾಗೋದು ಇದೇ. ಇಷ್ಟು ವರ್ಷ ಕ್ವಾರ್ಟರ್‌ನಲ್ಲಿ ಮುಳುಗಿಸಿಟ್ಟಿದ್ದ ದುಃಖಾನೂ ಆಗ್ಲೇ ಮೇಲೆ ಬರುತ್ತೆ, ಭಾವ ತಮ್ಮ ಅಪ್ಪ ಸತ್ತಾಗ ಅತ್ತವರಲ್ಲ, ಎಂಟು ವರ್ಷ ಆದ್ಮೇಲೆ ಒಂದು ರಾತ್ರಿ ಅತ್ತರು.

ಇನ್ನೊಂದು ಕಷ್ಟ ಹಳೇ ದಾರಿಗಳದ್ದು. ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ಪ್ರಯೋಗದ ನಾಯಿಗೆ ಊಟದ ಸೂಚನೆ ಸಿಕ್ಕಿದ್ರೆ ಸಾಕು ಜೊಲ್ಲು ಬರ್ತಿತ್ತಲ್ಲ, ಹಾಗೇ ಸಂಜೆ ಎಂಟು ಗಂಟೆ, ಸ್ಟೇಷನ್ ರೋಡ್, ಗ್ಲಾಸಲ್ಲಿ ಐಸ್ ಸದ್ದು, ಇಷ್ಟಕ್ಕೇ ಆಸೆ ಎದ್ದು ನಿಲ್ಲುತ್ತೆ. ಅಲನ್ ಮಾರ್ಲಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನ ಅಲೆಗೆ ಹೋಲಿಸಿದ್ರು, ಏರಿ ತಾನಾಗೇ ಇಳಿಯುತ್ತೆ, ಜಗಳ ಆಡದೆ ನೋಡ್ತಾ ಕೂರಬೇಕು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತೆ. ಒಂದು ಪೆಗ್ ಜಾರಿದ ದಿನಕ್ಕಿಂತ ಮರುದಿನ "ಎಲ್ಲಾ ಹೋಯ್ತು, ನಾನಿಷ್ಟೇ" ಅನ್ನೋ ನಾಚಿಕೆ ಜಾಸ್ತಿ ಕುಡಿಸುತ್ತೆ ಅಂತಾನೂ ಅವರು ತೋರಿಸಿಕೊಟ್ರು. ಆ ದಿನ ಮನೆಯಲ್ಲಿ ಬೈಗುಳ ಬಿದ್ರೆ ಆ ನಾಚಿಕೆಗೆ ಇನ್ನಷ್ಟು ಬಲ ಬರುತ್ತೆ, ದಯವಿಟ್ಟು ಬೈಬೇಡಿ.

1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರೆ ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋರ ಕೂಟ, ಅದರ ಮೀಟಿಂಗ್‌ಗಳು ಮುಂಬೈಯಲ್ಲೂ ಇವೆ, ಭಾವ ಹೋಗ್ತಾರೆ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕು ಬಂದಾಗ ಹುಷಾರು ಅಂತ ಅಲ್ಲಿ ಕಲಿತುಬಂದ್ರು. ಈಗ ಅಕ್ಕ ಏಳೂವರೆಗೇ ಊಟ ಬಡಿಸ್ತಾಳೆ, ಆಮೇಲೆ ಇಬ್ಬರೂ ವಾಕಿಂಗ್ ಹೋಗ್ತಾರೆ, ಸ್ಟೇಷನ್ ಕಡೆಗಲ್ಲ, ಇನ್ನೊಂದು ಕಡೆಗೆ.