ಸಿಂಥ್‌ನ ಪರದೆಯಲ್ಲಿ ನನಗೆ ಏನು ಕಾಣಬೇಕು: ದನಿ ಕಟ್ಟಲು ಕಲಿಯುವವರಿಗೆ ಟಿಪ್ಪಣಿ

ಕಂಪ್ಯೂಟರ್‌ನಲ್ಲೇ ದನಿ ಹುಟ್ಟಿಸುವ ಸಾಫ್ಟ್‌ವೇರ್ ಸಿಂಥಸೈಜರ್ (ಸಿಂಥ್) ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಚಿತ್ರಗಳು. ಅಲೆಯ ಆಕಾರ ಓಡುತ್ತಿರುತ್ತದೆ, ದನಿಯ ಒಂದು ಭಾಗವನ್ನು ತಡೆಯುವ ಫಿಲ್ಟರ್‌ನ ಗೆರೆ ಏರಿಳಿಯುತ್ತಿರುತ್ತದೆ, ನಾಬ್‌ಗಳ ಸುತ್ತ ಬಣ್ಣದ ಉಂಗುರ ತಿರುಗುತ್ತಿರುತ್ತದೆ. ಕಲಿಯುವವರಿಗೆ ಇದರಿಂದ ತುಂಬಾ ಅನುಕೂಲ. ಆದರೆ ಇವುಗಳಲ್ಲಿ ಕೆಲವು ಮಾತ್ರ ಕಿವಿಗೆ ಕೇಳುವುದನ್ನು ತೋರಿಸುತ್ತವೆ. ಉಳಿದವು ಸುಮ್ನೆ ಚೆಂದಕ್ಕೆ ಇರುತ್ತವೆ. ಯಾವುದು ಎಂಥದ್ದು ಅಂತ ಗೊತ್ತಿರದಿದ್ದರೆ ಕಣ್ಣನ್ನೇ ನಂಬಿ ದನಿ ಕಟ್ಟುವ ಚಾಳಿ ಹತ್ತುತ್ತದೆ.

ಒಂದು ಸಿಂಥ್‌ನಲ್ಲಿ ನನಗೆ ಏನೇನು ಬೇಕು ಅಂತ ಇಲ್ಲಿ ಬರೆದಿದ್ದೇನೆ. ಕೆಲವು ಸೌಲಭ್ಯಗಳು ಒಂದೊಂದು ಸಾಫ್ಟ್‌ವೇರ್‌ನಲ್ಲಿ ಆಗಲೇ ಇವೆ. ಎಲ್ಲವೂ ಒಂದೇ ಕಡೆ ಸಿಗಲಿ ಅನ್ನುವುದು ಆಸೆ. ಪ್ರತಿ ಆಸೆಯ ಹಿಂದೆ ಕಲಿಯಬೇಕಾದ ವಿಷಯವೊಂದಿದೆ, ಅದಕ್ಕೇ ಈ ಟಿಪ್ಪಣಿ. ಪ್ರಯೋಗಕ್ಕೆ ವೈಟಲ್ ಅಥವಾ ಸರ್ಜ್ ಎಕ್ಸ್‌ಟಿ ಎಂಬ ಸಿಂಥ್ ಇಟ್ಟುಕೊಳ್ಳಿ. ವೈಟಲ್ ಅನ್ನು ಮ್ಯಾಟ್ ಟೈಟೆಲ್ 2020ರಲ್ಲಿ ಹೊರತಂದರು, ಅದರ ಉಚಿತ ಆವೃತ್ತಿ ಇದೆ. ಸರ್ಜ್ ಮೊದಲು ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಆಗಿತ್ತು. 2018ರಲ್ಲಿ ಅದರ ಕೋಡ್ ಎಲ್ಲರಿಗೂ ತೆರೆದುಕೊಂಡಿತು, ಈಗ ಪೂರ್ತಿ ಉಚಿತ.

ಅಲೆಯ ಆಕಾರ ನೋಡಿ ಮೋಸಹೋಗಬೇಡಿ

ಮೊದಲು ಮೂಲ ಪಾಠ. ಗರಗಸದ ಹಲ್ಲಿನ ಆಕಾರದ ಸಾ ಅಲೆಯಲ್ಲಿ ಎಲ್ಲ ಹಾರ್ಮೋನಿಕ್‌ಗಳೂ ಇರುತ್ತವೆ, ಅಂದರೆ ಮೂಲ ಸ್ವರದ ಎರಡರಷ್ಟು, ಮೂರರಷ್ಟು ಹೀಗೆ ಕಂಪನಾಂಕ ಇರುವ ದನಿಗಳು. ಎರಡನೆಯದರ ಎತ್ತರ (ಅಂದರೆ ಜೋರು) ಮೊದಲನೆಯದರ ಅರ್ಧ, ಮೂರನೆಯದು ಮೂರರಲ್ಲೊಂದು, ಹೀಗೆ ಇಳಿಯುತ್ತಾ ಹೋಗುತ್ತದೆ. ಚೌಕ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ, ಇಳಿಯುವ ಲೆಕ್ಕ ಅದೇ. ತ್ರಿಕೋನ ಅಲೆಯಲ್ಲೂ ಬೆಸ ಸಂಖ್ಯೆಯವೇ, ಆದರೆ ಬೇಗ ಇಳಿಯುತ್ತವೆ: ಮೂರನೆಯದು ಒಂಬತ್ತರಲ್ಲೊಂದು, ಐದನೆಯದು ಇಪ್ಪತ್ತೈದರಲ್ಲೊಂದು. ಅದಕ್ಕೇ ತ್ರಿಕೋನ ಮೆತ್ತಗೆ ಕೇಳುತ್ತದೆ.

ಈಗ ಒಂದು ಪ್ರಯೋಗ. ವೈಟಲ್‌ನ ವೇವ್‌ಟೇಬಲ್ ಎಡಿಟರ್‌ನಲ್ಲಿ (ಅಲೆಗಳ ಸಾಲನ್ನು ತಿದ್ದುವ ಜಾಗದಲ್ಲಿ) ಸಾ ಅಲೆ ಹಾಕಿ. ಹಾರ್ಮೋನಿಕ್‌ಗಳ ಎತ್ತರ ಮುಟ್ಟದೆ ಅವುಗಳ ಫೇಸ್ ಮಾತ್ರ ಬದಲಿಸಿ, ಅಂದರೆ ಪ್ರತಿಯೊಂದೂ ಶುರುವಾಗುವ ಜಾಗವನ್ನು ಹಿಂದೆ ಮುಂದೆ ಮಾಡಿ. ಪರದೆಯ ಮೇಲಿನ ಆಕಾರ ಗುರುತೇ ಸಿಗದಷ್ಟು ಬದಲಾಗುತ್ತದೆ. ಕಿವಿಗೆ? ಹೆಚ್ಚುಕಡಿಮೆ ಅದೇ ದನಿ. ನಿಂತ ಸ್ವರದಲ್ಲಿ ನಮ್ಮ ಕಿವಿ ಫೇಸ್ ಕಡೆ ಅಷ್ಟಾಗಿ ಗಮನ ಕೊಡುವುದಿಲ್ಲ. ಹಾಗಂತ ಫೇಸ್ ಲೆಕ್ಕಕ್ಕೇ ಇಲ್ಲ ಅಂದುಕೊಳ್ಳಬೇಡಿ. ಇದೇ ಅಲೆಯನ್ನು ಡಿಸ್ಟಾರ್ಷನ್‌ಗೆ ಕಳಿಸಿ, ಅಥವಾ ಎರಡನೇ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ಜೊತೆ ಬೆರೆಸಿ. ಆಗ ವ್ಯತ್ಯಾಸ ಚೆನ್ನಾಗಿಯೇ ಕೇಳಿಸುತ್ತದೆ. ಡಿಸ್ಟಾರ್ಷನ್ ಕೆಲಸ ಮಾಡುವುದು ಅಲೆಯ ಆಕಾರದ ಮೇಲೆ, ಶಿಖರ ಎಲ್ಲಿದೆಯೋ ಅಲ್ಲಿ ಕತ್ತರಿಸುತ್ತದೆ.

ಹಾಗಾಗಿ ನನ್ನ ಮೊದಲ ಬೇಡಿಕೆ ಇದು. ಆಸಿಲೇಟರ್‌ನ ಪಕ್ಕ ಬರೀ ಅಲೆಯ ಚಿತ್ರ ಸಾಲದು, ಸ್ಪೆಕ್ಟ್ರಮ್ ಕೂಡ ಬೇಕು, ಅಂದರೆ ಯಾವ ಹಾರ್ಮೋನಿಕ್ ಎಷ್ಟು ಜೋರಿದೆ ಅಂತ ತೋರಿಸುವ ಚಿತ್ರ. ಜೊತೆಗೆ ದನಿ ಹಾದುಹೋಗುವ ಪ್ರತಿ ಹಂತದಲ್ಲೂ ಇಣುಕಿ ನೋಡುವ ಅವಕಾಶ ಇರಬೇಕು: ಆಸಿಲೇಟರ್ ಆದ ಮೇಲೆ, ಫಿಲ್ಟರ್ ಆದ ಮೇಲೆ, ಎಫೆಕ್ಟ್ ಆದ ಮೇಲೆ. ಕೊನೆಯ ಮೊತ್ತ ಒಂದನ್ನೇ ತೋರಿಸಿದರೆ ಯಾವ ಹಂತ ಏನು ಮಾಡಿತು ಅಂತ ತಿಳಿಯುವುದು ಹೇಗೆ?

ಸ್ಪೆಕ್ಟ್ರಮ್ ಚಿತ್ರಕ್ಕೂ ಒಂದು ಮಿತಿ ಇದೆ, ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಬಿಡಿ ಅಳತೆಗಳು) ಇದ್ದು ಒಂದು ಸಲಕ್ಕೆ 4,096 ಸ್ಯಾಂಪಲ್ ತೆಗೆದುಕೊಂಡರೆ, ಪಕ್ಕಪಕ್ಕದ ಎರಡು ಗೆರೆಗಳ ಅಂತರ ಸುಮಾರು 11.7 ಹರ್ಟ್ಜ್. ಮಂದ್ರದಲ್ಲಿ 110 ಹರ್ಟ್ಜ್ ಸ್ವರಕ್ಕೂ ಅದರ ಮುಂದಿನ ಸೆಮಿಟೋನ್‌ಗೂ (ಕೀಬೋರ್ಡಿನ ಪಕ್ಕದ ಕೀಲಿಗೂ) ಇರುವ ಅಂತರ ಬರೀ 6.5 ಹರ್ಟ್ಜ್. ಅಂದರೆ ಆ ಎರಡು ಸ್ವರ ಚಿತ್ರದಲ್ಲಿ ಬೇರೆ ಬೇರೆಯಾಗಿ ಕಾಣುವುದೇ ಇಲ್ಲ. ಸರಿ, 16,384 ಸ್ಯಾಂಪಲ್ ತೆಗೆದುಕೊಳ್ಳೋಣ ಅಂದರೆ ಅಂತರ 2.9 ಹರ್ಟ್ಜ್‌ಗೆ ಇಳಿಯುತ್ತದೆ, ಆದರೆ ಒಂದೊಂದು ಚಿತ್ರಕ್ಕೂ ಸುಮಾರು 340 ಮಿಲಿಸೆಕೆಂಡ್ ದನಿ ಬೇಕು. ಮೃದಂಗದ ಒಂದು ಪೆಟ್ಟಿನಲ್ಲಿ ಮುಖ್ಯವಾದದ್ದೆಲ್ಲ ಅಷ್ಟರೊಳಗೆ ಆಗಿಹೋಗಿರುತ್ತದೆ. ಸ್ವರ ನಿಖರವಾಗಿ ಬೇಕೋ, ಸಮಯ ನಿಖರವಾಗಿ ಬೇಕೋ ಆರಿಸಿಕೊಳ್ಳಬೇಕು. ಮಂದ್ರಕ್ಕೆ ಉದ್ದದ ಅಳತೆ, ತಾರಕ್ಕೆ ಚಿಕ್ಕ ಅಳತೆ ಬಳಸುವ ವಿಧಾನಗಳಿವೆ. ಅಂಥದ್ದನ್ನು ಸಿಂಥ್ ಒಳಗೇ ಕೊಟ್ಟರೆ ಬೇರೆ ಅನಲೈಜರ್ ತೆರೆಯುವ ಕೆಲಸ ತಪ್ಪುತ್ತದೆ.

ದನಿ ಬಿಡಿಸುವ ಹಳೇ ಆಸೆ

ಚಿತ್ರ ಬಿಡಿಸಿ ದನಿ ಮಾಡುವ ಯೋಚನೆ ಕಂಪ್ಯೂಟರ್ ಪರದೆಗಿಂತ ಹಳೆಯದು. ಸೋವಿಯತ್ ಎಂಜಿನಿಯರ್ ಯೆವ್ಗೆನಿ ಮುರ್ಜಿನ್ ಕಟ್ಟಿದ ಎಎನ್‌ಎಸ್ ಯಂತ್ರದಲ್ಲಿ 720 ಶುದ್ಧ ಸ್ವರಗಳು ಬೆಳಕಿನ ರೂಪದಲ್ಲಿ ಸಿದ್ಧವಾಗಿರುತ್ತಿದ್ದವು. ಒಂದು ಆಕ್ಟೇವ್‌ಗೆ (ಸ್ಥಾಯಿಗೆ) 72ರಂತೆ ಹತ್ತು ಆಕ್ಟೇವ್. ಕಪ್ಪು ಬಳಿದ ಗಾಜಿನ ಮೇಲೆ ಗೀಚಿದ ಕಡೆ ಬೆಳಕು ದಾಟಿ ಆ ಸ್ವರ ಕೇಳುತ್ತಿತ್ತು. ಇಂಗ್ಲೆಂಡಿನಲ್ಲಿ ಡ್ಯಾಫ್ನೆ ಓರಮ್ 35 ಮಿಲಿಮೀಟರ್ ಫಿಲ್ಮ್ ಪಟ್ಟಿಗಳ ಮೇಲೆ ಬರೆದರು. ದನಿಯ ಎತ್ತರ, ಜೋರು, ಬಣ್ಣ ಎಲ್ಲಕ್ಕೂ ಬೇರೆ ಬೇರೆ ಗೆರೆ. ಪ್ಯಾರಿಸ್‌ನಲ್ಲಿ ಇಯಾನಿಸ್ ಕ್ಸೆನಾಕಿಸ್ ಅವರ ಯುಪಿಕ್ 1977ರಲ್ಲಿ ಬಂತು. ಅದರಲ್ಲಿ ದೊಡ್ಡ ಹಲಗೆಯ ಮೇಲೆ ಪೆನ್ನಿನಿಂದ ಅಲೆಯನ್ನೂ ಬಿಡಿಸಬಹುದಿತ್ತು, ಸ್ವರ ಸಾಗುವ ದಾರಿಯನ್ನೂ ಬಿಡಿಸಬಹುದಿತ್ತು.

ಇಂದಿನ ಸಿಂಥ್‌ಗಳಲ್ಲಿರುವುದೂ ಇದೇ ಮೂರು ಬಗೆ. ಅಲೆಯ ಆಕಾರ ಬಿಡಿಸುವುದು, ಸ್ಪೆಕ್ಟ್ರಮ್ ಬಿಡಿಸುವುದು, ಕಾಲಕ್ಕೆ ತಕ್ಕಂತೆ ಬದಲಾಗುವ ಗೆರೆ ಬಿಡಿಸುವುದು. ನನ್ನ ಪ್ರಕಾರ ಮೂರನೆಯದೇ ಹೆಚ್ಚು ಕೆಲಸಕ್ಕೆ ಬರುವುದು. ಅಲೆಯನ್ನು ಕೈಯಲ್ಲಿ ಬಿಡಿಸಿದರೆ ಬಹುಪಾಲು ಕೀರಲು ದನಿಯೇ ಬರುತ್ತದೆ. ಕೈ ನಡುಗಿದಷ್ಟೂ, ಚೂಪು ಮೂಲೆ ಬಂದಷ್ಟೂ ಮೇಲಿನ ಹಾರ್ಮೋನಿಕ್ ಜಾಸ್ತಿ. ಫೋಟೋ ಹಾಕಿ ಸ್ಪೆಕ್ಟ್ರಮ್ ಮಾಡುವುದು ಇನ್ನೂ ತಮಾಷೆ. ಅಡ್ಡ ಗೆರೆ ಒಂದು ಸ್ವರವಾಗುತ್ತದೆ, ಮೇಲಿಂದ ಕೆಳಗೆ ಎಳೆದ ಗೆರೆ ಒಂದು ಟಿಕ್ ಸದ್ದಾಗುತ್ತದೆ, ಮುಖದ ಫೋಟೋ ಶುದ್ಧ ಗದ್ದಲವಾಗುತ್ತದೆ. ಮುಖದಲ್ಲಿ ಯಾವ ಗೆರೆಯೂ ಇನ್ನೊಂದರ ಎರಡರಷ್ಟು, ಮೂರರಷ್ಟು ಎತ್ತರದಲ್ಲಿ ಕೂತಿರುವುದಿಲ್ಲ, ಅಲ್ವಾ? ಒಂದು ಗೆರೆ ಎಳೆದರೆ ಅದರ ಹಾರ್ಮೋನಿಕ್‌ಗಳನ್ನೆಲ್ಲ ತಾನೇ ಎಳೆಯುವ ಕುಂಚ ಇದ್ದರೆ ಈ ಬಗೆಯ ಚಿತ್ರಕ್ಕೂ ಸಂಗೀತದ ಉಪಯೋಗ ಸಿಗುತ್ತದೆ.

ನಾಬ್ ಯಾಕೆ ಅಲುಗಿತು?

ವೈಟಲ್‌ನಲ್ಲಿ ಎಲ್‌ಎಫ್‌ಒ (ನಾಬ್ ಅಲುಗಿಸಲು ನಿಧಾನವಾಗಿ ಏರಿಳಿಯುವ ಅಲೆ) ಅನ್ನು ಎಳೆದು ಕಟಾಫ್ (ಫಿಲ್ಟರ್ ತಡೆಯಲು ಶುರುಮಾಡುವ ಜಾಗ) ಮೇಲೆ ಬಿಟ್ಟರೆ ಸಂಪರ್ಕ ಆಗಿಹೋಗುತ್ತದೆ, ಉಂಗುರ ಅಲುಗುತ್ತದೆ. ಕಲಿಯಲು ಇದಕ್ಕಿಂತ ಸುಲಭ ದಾರಿ ನಾನು ಕಂಡಿಲ್ಲ. ತೊಂದರೆ ಬರುವುದು ಒಂದೇ ಕಟಾಫ್‌ಗೆ ನಾಲ್ಕು ಸಂಪರ್ಕ ಆದಾಗ. ಎನ್ವಲಪ್ (ಸ್ವರ ಶುರುವಾಗಿ ಆರುವ ತನಕದ ಏರಿಳಿತ), ಎಲ್‌ಎಫ್‌ಒ, ವೆಲಾಸಿಟಿ (ಕೀಲಿ ಒತ್ತಿದ ರಭಸ), ಕೀಬೋರ್ಡ್ ಟ್ರ್ಯಾಕಿಂಗ್ (ಯಾವ ಕೀಲಿ ಅನ್ನುವುದು) ಎಲ್ಲವೂ ಕೂಡಿ ಒಂದೇ ಉಂಗುರ ಅಲುಗುತ್ತಿದ್ದರೆ ಯಾವುದರ ಪಾಲು ಎಷ್ಟು? ಪಟ್ಟಿ ಸಿಗುತ್ತದೆ, ನಿಜ. ನನಗೆ ಬೇಕಾದದ್ದು ಕಾಲದ ಚಿತ್ರ. ಒಂದು ಸ್ವರ ಒತ್ತಿದಾಗಿನಿಂದ ದನಿ ಆರುವ ತನಕ ಕಟಾಫ್ ಹೇಗೆ ಸಾಗಿತು ಅಂತ ಒಂದು ಗೆರೆ, ಅದರ ಕೆಳಗೆ ಪ್ರತಿ ಪಾಲಿಗೂ ಒಂದು ತೆಳು ಗೆರೆ. ಆ ಸ್ವರವನ್ನು ಅಲ್ಲೇ ನಿಲ್ಲಿಸಿ, ಬೆರಳಿನಿಂದ ಹಿಂದೆ ಮುಂದೆ ಎಳೆದು ಕೇಳುವಂತಿರಬೇಕು.

ಕಟಾಫ್ ಚಿತ್ರ ಓದುವಾಗ ಒಂದು ನೆನಪಿರಲಿ. 20ರಿಂದ 20,000 ಹರ್ಟ್ಜ್ ತನಕ ಸುಮಾರು ಹತ್ತು ಆಕ್ಟೇವ್. ಸಮ ಅಳತೆಯಲ್ಲಿ ಬರೆದರೆ ಕೊನೆಯ ಒಂದೇ ಆಕ್ಟೇವ್ ಅರ್ಧ ಪರದೆ ತಿನ್ನುತ್ತದೆ. ಅದಕ್ಕೇ ಪ್ರತಿ ಆಕ್ಟೇವ್‌ಗೂ ಒಂದೇ ಅಗಲ ಕೊಡುವ ಅಳತೆ ಬಳಸುತ್ತಾರೆ.

ಗಮಕಕ್ಕೆ ವೈಬ್ರಾಟೋ ಸಾಲದು

ಕರ್ನಾಟಕ ಸಂಗೀತ ಕಲಿತವರಿಗೆ ಸಿಂಥ್ ಮುಂದೆ ಕೂತಾಗ ಬೇಗ ತಟ್ಟುವ ಕೊರತೆ ಇದು. ತೋಡಿ ರಾಗದ ಗಾಂಧಾರವನ್ನೇ ನೋಡಿ. ಅದು ಒಂದು ಕಡೆ ನಿಲ್ಲುವುದಿಲ್ಲ, ರಿಷಭ ಮತ್ತು ಮಧ್ಯಮಗಳ ನಡುವೆ ತೂಗುತ್ತದೆ. ಎಲ್‌ಎಫ್‌ಒ ಹಾಕಿ ವೈಬ್ರಾಟೋದಂತೆ ಅಲುಗಾಡಿಸಿದರೆ ಅದು ತೋಡಿ ಆಗುವುದಿಲ್ಲ. ಮಾಮೂಲಿ ಎಲ್‌ಎಫ್‌ಒ ನಡುವಿನ ಸ್ವರದಿಂದ ಎರಡೂ ಕಡೆ ಒಂದೇ ಅಳತೆಗೆ, ಒಂದೇ ವೇಗದಲ್ಲಿ ಹೋಗಿಬರುತ್ತದೆ. ಗಮಕ ಒಂದು ಕಡೆ ಸ್ವಲ್ಪ ತಂಗುತ್ತದೆ, ಇನ್ನೊಂದು ಕಡೆ ಮುಟ್ಟಿ ವಾಪಸು ಬರುತ್ತದೆ.

ಸರ್ಜ್‌ನಲ್ಲಿ ಹೀಗೆ ಮಾಡಿ ನೋಡಿ. ಒಂದು ಎಲ್‌ಎಫ್‌ಒ ಅನ್ನು ಎಂಎಸ್‌ಇಜಿ ಬಗೆಗೆ ಬದಲಿಸಿ, ಅದರಲ್ಲಿ ಹಲವು ಬಿಂದು ಇಟ್ಟು ಗೆರೆ ಬಿಡಿಸಬಹುದು. ಅದನ್ನು ಪಿಚ್‌ಗೆ (ಸ್ವರದ ಎತ್ತರಕ್ಕೆ) ಜೋಡಿಸಿ, ಅಳತೆ 12 ಸೆಮಿಟೋನ್ ಇಡಿ. ಎತ್ತರದ ಗ್ರಿಡ್ ಅನ್ನೂ 12 ಭಾಗ ಮಾಡಿ. ಈಗ ನಡುಗೆರೆ ನೀವು ಒತ್ತಿದ ಷಡ್ಜ, ಅದರ ಮೇಲಿನ ಒಂದನೇ ಗೆರೆ ಶುದ್ಧ ರಿಷಭ, ಐದನೆಯದು ಶುದ್ಧ ಮಧ್ಯಮ. ಇವೆರಡರ ನಡುವೆ ಬಾಗು ಗೆರೆ ಎಳೆಯಿರಿ. ಬಿಂದುಗಳ ನಡುವಿನ ದೂರ ಒಂದೇ ಥರ ಇರದಂತೆ ನೋಡಿಕೊಳ್ಳಿ, ದನಿಗೆ ಜೀವ ಬರುವುದು ಅಲ್ಲೇ.

ಇಷ್ಟು ಮಾಡಬಹುದಾದರೆ ಇನ್ನೇನು ಬೇಕು? ಒಂದು, ಗ್ರಿಡ್‌ನ ಪಕ್ಕ ಅಂಕಿಯ ಬದಲು ಸರಿಗಮ ಬರೆಯುವ ಸೌಕರ್ಯ. ಇನ್ನೊಂದು ಸ್ವಲ್ಪ ಕಷ್ಟದ್ದು. ಎರಡನೇ ಕಾಲದಲ್ಲಿ (ದುಪ್ಪಟ್ಟು ವೇಗದಲ್ಲಿ) ಹಾಡುವಾಗ ಅದೇ ತೂಗಾಟವನ್ನು ಯಾರೂ ಎರಡರಷ್ಟು ವೇಗದಲ್ಲಿ ಹಾಕುವುದಿಲ್ಲ, ತೂಗುವ ಸಲಗಳನ್ನು ಕಡಿಮೆ ಮಾಡುತ್ತಾರೆ. ಸಿಂಥ್ ಮಾತ್ರ ಗೆರೆಯನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ. ಸ್ವರದ ಉದ್ದಕ್ಕೆ ತಕ್ಕಂತೆ ಬೇರೆ ಗೆರೆ ಆರಿಸಿಕೊಳ್ಳುವ ವ್ಯವಸ್ಥೆ ಬೇಕು. ಕೀಲಿ ಒತ್ತಿದ ತಕ್ಷಣ ಆ ಸ್ವರ ಎಷ್ಟು ಹೊತ್ತು ಇರುತ್ತದೆ ಅಂತ ಸಿಂಥ್‌ಗೆ ಗೊತ್ತಿರುವುದಿಲ್ಲ, ಹಾಗಾಗಿ ನುಡಿಸುವಾಗ ಇದು ಆಗದ ಮಾತು. ಬರೆದಿಟ್ಟ ಸ್ವರಗಳಿಗಾದರೆ ಮಾಡಬಹುದು.

ಕೀಬೋರ್ಡ್ ಮತ್ತು ಸಿಂಥ್ ಮಾತಾಡಿಕೊಳ್ಳುವ ಭಾಷೆಯಾದ ಮಿಡಿ ವಿಚಾರವೂ ಇಲ್ಲೇ ಬರಲಿ. ಮಾಮೂಲಿ ಪಿಚ್ ಬೆಂಡ್‌ನಲ್ಲಿ (ಸ್ವರ ಜಾರಿಸುವ ಸಂದೇಶದಲ್ಲಿ) 16,384 ಹಂತಗಳಿವೆ, ನಯವಾಗಿ ಜಾರಲು ಸಾಕಷ್ಟಾಯಿತು. ಆದರೆ ಅದು ಇಡೀ ಚಾನೆಲ್‌ಗೆ ಒಂದೇ. ಕೆಳಗೆ ಷಡ್ಜ ಹಿಡಿದು ಮೇಲೆ ಗಾಂಧಾರ ತೂಗಿದರೆ ಷಡ್ಜವೂ ತೂಗುತ್ತದೆ. 2018ರಲ್ಲಿ ಒಪ್ಪಿಗೆಯಾದ ಎಂಪಿಇ ಪದ್ಧತಿ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಕೊಟ್ಟು ಇದನ್ನು ಬಗೆಹರಿಸಿತು. ವೈಟಲ್, ಸರ್ಜ್ ಎರಡಕ್ಕೂ ಎಂಪಿಇ ಗೊತ್ತು.

ತಂಬೂರಿ ಕಲಿಸುವ ಪಾಠ

ಎರಡೂ ಸಿಂಥ್‌ಗಳಲ್ಲಿ ಸ್ಕಾಲಾ ಫೈಲ್ ಹಾಕಿ ಸ್ವರಗಳ ನಡುವಿನ ಅಂತರ ಬದಲಿಸಬಹುದು. ಅದು ಬರೀ ಅಕ್ಷರ, ಅಂಕಿ ಇರುವ ಫೈಲ್, ನೋಟ್‌ಪ್ಯಾಡ್‌ನಲ್ಲೇ ಬರೆಯಬಹುದು. ಯಾಕೆ ಬದಲಿಸಬೇಕು? ಸಿ ಶಾರ್ಪ್ ಶ್ರುತಿ ಅಂದುಕೊಳ್ಳಿ, ಷಡ್ಜ 138.6 ಹರ್ಟ್ಜ್. ಕೀಬೋರ್ಡಿನ ಅಂತರ ಗಾಂಧಾರ 174.6. ಷಡ್ಜದ ಐದನೇ ಹಾರ್ಮೋನಿಕ್ ಸುಮಾರು 693, ಈ ಗಾಂಧಾರದ ನಾಲ್ಕನೆಯದು 698.5. ಎರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಐದೂವರೆ ಸಲ ದನಿ ಅದುರುತ್ತದೆ. ಗಾಂಧಾರವನ್ನು ಷಡ್ಜದ 5/4ಕ್ಕೆ, ಅಂದರೆ 14 ಸೆಂಟ್‌ನಷ್ಟು (ಒಂದು ಸೆಂಟ್ ಅಂದರೆ ಸೆಮಿಟೋನ್‌ನ ನೂರರಲ್ಲೊಂದು) ಕೆಳಗೆ ಇಳಿಸಿದರೆ ಅದುರು ನಿಲ್ಲುತ್ತದೆ. ಯಾವ ಹಾರ್ಮೋನಿಕ್ ಜೋಡಿ ಹೀಗೆ ಅದುರುತ್ತಿದೆ ಅಂತ ಸ್ಪೆಕ್ಟ್ರಮ್ ಮೇಲೇ ಗುರುತು ಮಾಡಿ ತೋರಿಸುವ ಸಿಂಥ್ ನನಗೆ ಬೇಕು.

ತಂಬೂರಿಯ ದನಿಯನ್ನೇ ಕಟ್ಟಲು ಹೊರಟರೆ ಇನ್ನೊಂದು ಕೊರತೆ ಗೊತ್ತಾಗುತ್ತದೆ. ಸಿ.ವಿ. ರಾಮನ್ ತಂಬೂರಿ, ವೀಣೆಗಳ ತಂತಿಯನ್ನು ಅಧ್ಯಯನ ಮಾಡಿ 1921ರಲ್ಲಿ ಪ್ರಕಟಿಸಿದರು. ಸಾಮಾನ್ಯ ತಂತಿಯಲ್ಲಿ, ಒಂದು ಹಾರ್ಮೋನಿಕ್ ಅಲುಗದೆ ನಿಲ್ಲುವ ಜಾಗದಲ್ಲೇ ಮೀಟಿದರೆ ಆ ಹಾರ್ಮೋನಿಕ್ ಹುಟ್ಟಬಾರದು. ತಂಬೂರಿಯಲ್ಲಿ ಅದೂ ಕೇಳಿಸುತ್ತದೆ. ಅಗಲವಾದ ಬಾಗು ಕುದುರೆ (ತಂತಿ ಹಾದುಹೋಗುವ ಆಸರೆ), ತಂತಿಯ ಅಡಿಗೆ ಇಟ್ಟ ದಾರ ಇವುಗಳಿಂದ ತಂತಿ ಮತ್ತೆ ಮತ್ತೆ ಕುದುರೆಯನ್ನು ಮುಟ್ಟಿ ಹೊಸ ಹಾರ್ಮೋನಿಕ್‌ಗಳನ್ನು ಎಬ್ಬಿಸುತ್ತದೆ. ಒಂದೊಂದು ಒಂದೊಂದು ಹೊತ್ತಿಗೆ ಏರಿ ಇಳಿಯುತ್ತದೆ. ಒಂದೇ ಎನ್ವಲಪ್ ಇರುವ ಸಿಂಥ್‌ನಲ್ಲಿ ಇದು ಬರುವುದು ಕಷ್ಟ. ವೇವ್‌ಟೇಬಲ್ ಒಳಗೆ ನಿಧಾನವಾಗಿ ಸರಿಯುತ್ತಾ ಹೋದರೆ ಹತ್ತಿರ ಬರಬಹುದು. ಸರಿಯಾದ ದಾರಿ ಅಂದರೆ ಮೊದಲ 20 ಹಾರ್ಮೋನಿಕ್‌ಗಳಿಗೆ ಒಂದೊಂದು ಏರಿಳಿತದ ಗೆರೆ, ಎಲ್ಲವೂ ಒಂದೇ ಪರದೆಯಲ್ಲಿ.

ಚಿಲ್ಲರೆ ಬೇಡಿಕೆಗಳು

ಏಲಿಯಾಸಿಂಗ್‌ಗೆ, ಅಂದರೆ ಮಡಚಿಕೊಂಡು ತಪ್ಪು ಜಾಗಕ್ಕೆ ಬರುವ ದನಿಗೆ, ಸ್ಪೆಕ್ಟ್ರಮ್‌ನಲ್ಲಿ ಬೇರೆ ಬಣ್ಣ ಕೊಡಲಿ. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದಾಗ 22,050 ಹರ್ಟ್ಜ್ ಮೇಲಿನದ್ದು ಮಡಚಿಕೊಂಡು ಕೆಳಗೆ ಬರುತ್ತದೆ. 3,000 ಹರ್ಟ್ಜ್ ಸಾ ಅಲೆಯನ್ನು ಎಚ್ಚರ ತಪ್ಪಿ ಮಾಡಿದರೆ ಅದರ 14ನೇ ಹಾರ್ಮೋನಿಕ್, ಅಂದರೆ 42,000, 2,100ರಲ್ಲಿ ಬಂದು ಕೂರುತ್ತದೆ. ಮೂಲ ಸ್ವರಕ್ಕಿಂತಲೂ ಕೆಳಗೆ! ಸ್ವರ ಏರಿಸುತ್ತಾ ಹೋದಾಗ ಯಾವುದಾದರೂ ಗೆರೆ ಇಳಿಯುತ್ತಿದ್ದರೆ ಅದು ಇದೇ.

ಎರಡು ದನಿ ಹೋಲಿಸುವಾಗ ಜೋರು ಸಮ ಮಾಡಿ ಕೇಳಿಸುವ ಗುಂಡಿ ಬೇಕು. ಯೂನಿಸನ್ (ಒಂದೇ ಸ್ವರದ ಹಲವು ಪ್ರತಿ ಒಟ್ಟಿಗೆ) ಹಾಕಿದ ಕೂಡಲೇ ಚೆನ್ನಾಯಿತು ಅನ್ನಿಸುವುದು ಎಷ್ಟೋ ಸಲ ದನಿ ಜೋರಾಯಿತು ಅನ್ನುವ ಕಾರಣಕ್ಕೆ.

ಕೊನೆಯದಾಗಿ, ಚಿತ್ರ ಹೆಚ್ಚಾದಷ್ಟೂ ಕಣ್ಣು ಕಾಣದ ಸಂಗೀತಗಾರರು ಹೊರಗುಳಿಯುತ್ತಾರೆ. ಸರ್ಜ್ ಎಕ್ಸ್‌ಟಿಯಲ್ಲಿ ಕೀಬೋರ್ಡಿನಿಂದಲೇ ಓಡಾಡಬಹುದು, ನಾಬ್‌ಗಳ ಹೆಸರು, ಅಳತೆಗಳನ್ನು ಸ್ಕ್ರೀನ್ ರೀಡರ್ ಓದುತ್ತದೆ. ಚಲಿಸುವ ಚಿತ್ರಗಳಿಗೂ ಇದು ಬರಲಿ. "ಕಟಾಫ್ ಅರ್ಧ ಸೆಕೆಂಡಿನಲ್ಲಿ 800ರಿಂದ 2,400 ಹರ್ಟ್ಜ್‌ಗೆ ಏರಿತು, ಮುಖ್ಯ ಕಾರಣ ಎರಡನೇ ಎನ್ವಲಪ್" ಅಂತ ಒಂದು ಸಾಲು ಓದಿದರೂ ಸಾಕು. ಆ ಸಾಲನ್ನು ಕಾಪಿ ಮಾಡಿ ಪ್ಯಾಚ್ (ಕಟ್ಟಿದ ದನಿಯ ಸೆಟ್ಟಿಂಗ್‌ಗಳು) ಜೊತೆಗೇ ಉಳಿಸಿಡುವ ಹಾಗಿದ್ದರೆ, ಕಣ್ಣು ಕಾಣುವ ನಾವೂ ನಮ್ಮ ಟಿಪ್ಪಣಿಗೆ ಅದನ್ನೇ ಬಳಸಿಕೊಳ್ಳಬಹುದು.