ಕಾರ್ಬನ್ ರಿಯಾಕ್ಟರ್: ಹರಳು ಕುಣಿಯಬೇಕೆ, ಕೂತಿರಬೇಕೆ?

ಪ್ರಶ್ನೆ: 200 ಲೀಟರಿನ ಉಪ್ಪುನೀರಿನ ಮೀನಿನ ಟ್ಯಾಂಕಿಗೆ ಹೊಸದಾಗಿ ಕಾರ್ಬನ್ ರಿಯಾಕ್ಟರ್ (ಸಕ್ರಿಯ ಇದ್ದಿಲಿನ ಹರಳು ತುಂಬಿ, ಟ್ಯಾಂಕಿನ ನೀರನ್ನು ಅದರ ಮೂಲಕ ಹಾಯಿಸಿ ತಿಳಿಯಾಗಿಸುವ ಡಬ್ಬಿ) ಜೋಡಿಸಿದ್ದೇನೆ. ಪಂಪಿನ ವಾಲ್ವ್ ಪೂರ್ತಿ ತೆರೆದರೆ ಹರಳುಗಳು ಕುದಿಯುವ ಅನ್ನದ ಹಾಗೆ ಮೇಲೆ ಕೆಳಗೆ ಆಡುತ್ತವೆ. ಹೀಗೇ ಇರಬೇಕೆ? ಕಾರ್ಬನ್ ಎಷ್ಟು ಹಾಕಬೇಕು, ಯಾವಾಗ ಬದಲಿಸಬೇಕು?

ಉತ್ತರ: ಆಡಬಾರದು. ಕಾರ್ಬನ್ ಅಲುಗಾಡದೆ ಕೂತಿರಬೇಕು, ನೀರು ಅದರ ಸಂದಿಯಲ್ಲಿ ನಿಧಾನವಾಗಿ ಹಾದುಹೋಗಬೇಕು.

ಕುಣಿಸಬೇಕು ಎನ್ನುವ ಸಲಹೆ ಬಂದಿರುವುದು ಫಾಸ್ಫೇಟ್ ಹೀರುವ ಜಿಎಫ್‌ಒ (ಕಬ್ಬಿಣದ ಆಕ್ಸೈಡಿನ ಹರಳು) ಕಡೆಯಿಂದ. ಅದು ಸುಮ್ಮನೆ ಕೂತರೆ ಗಟ್ಟಿಕಟ್ಟುತ್ತದೆ, ಹಾಗಾಗಿ ಮೇಲ್ಪದರ ತುಸು ಅಲುಗಾಡುತ್ತಿರಬೇಕು. ಎರಡಕ್ಕೂ ಒಂದೇ ಬಗೆಯ ರಿಯಾಕ್ಟರ್ ಬಳಸುವುದರಿಂದ ಸಲಹೆಯೂ ಕಲಸಿಹೋಗಿದೆ. ಕಾರ್ಬನ್ ಹರಳುಗಳು ಒಂದಕ್ಕೊಂದು ಉಜ್ಜಿಕೊಂಡರೆ ಸವೆದು ಕಪ್ಪು ಪುಡಿಯಾಗುತ್ತವೆ. ಆ ಪುಡಿ ಸ್ಪಾಂಜನ್ನೂ ದಾಟಿ ಟ್ಯಾಂಕ್ ಸೇರುತ್ತದೆ. ಟ್ಯಾಂಗ್ ಜಾತಿಯ ಮೀನುಗಳ ತಲೆ ಮತ್ತು ಪಕ್ಕದ ಗೆರೆಯ ಚರ್ಮ ಸವೆಯುವ ಕಾಯಿಲೆಗೂ ಕಾರ್ಬನ್ನಿಗೂ ನಂಟಿರುವುದು ಪ್ರಯೋಗದಲ್ಲಿ ಕಂಡಿದೆ. ಬೇಗ ಪುಡಿಯಾಗುವ ಲಿಗ್ನೈಟ್ (ಕಂದು ಕಲ್ಲಿದ್ದಲು) ಕಾರ್ಬನ್ನಿನ ಮೇಲೆಯೇ ಹೆಚ್ಚು ಅನುಮಾನ. ಟ್ಯಾಂಗ್ ಸಾಕುವವರು ಗಟ್ಟಿಯಾದ, ಆಮ್ಲದಲ್ಲಿ ತೊಳೆದ ಗುಳಿಗೆ ರೂಪದ ಕಾರ್ಬನ್ನಿಗೆ ತುಸು ಹೆಚ್ಚು ದುಡ್ಡು ಕೊಡುವುದೇ ವಾಸಿ. ಆಮ್ಲದಲ್ಲಿ ತೊಳೆದದ್ದು ಫಾಸ್ಫೇಟನ್ನೂ ಕಡಿಮೆ ಬಿಡುತ್ತದೆ.

ಅಳತೆ ಹೀಗಿದೆ: ಸಾಮಾನ್ಯ ಹರಳು ಕಾರ್ಬನ್ನಾದರೆ 200 ಲೀಟರಿಗೆ ಸುಮಾರು 240 ಮಿಲಿ, ಅಂದರೆ ಒಂದು ಅಳತೆ ಕಪ್. ಸಣ್ಣ ಗುಳಿಗೆಯದಾದರೆ ಅದರ ಅರ್ಧ ಸಾಕು. ಆದರೆ ಮೊದಲ ಸಲ ಇದರಲ್ಲೂ ಅರ್ಧವನ್ನೇ ಹಾಕಿ. ಹಳದಿ ತಿರುಗಿದ್ದ ನೀರು ಎರಡೇ ದಿನದಲ್ಲಿ ತಿಳಿಯಾದರೆ ಹವಳಗಳ ಮೇಲೆ ಬೀಳುವ ಬೆಳಕು ಒಮ್ಮೆಗೇ ಹೆಚ್ಚಿ, ಅವು ಬಿಳಿಚಿಕೊಳ್ಳಬಹುದು. ದೀಪವನ್ನೂ ಒಂದೆರಡು ವಾರ ಸ್ವಲ್ಪ ತಗ್ಗಿಸಿಡಿ.

ಹಾಕುವ ಮುಂಚೆ ಆರ್‌ಒ ನೀರಿನಲ್ಲಿ ತೊಳೆಯಬೇಕು. ಬಕೆಟ್ಟಿನಲ್ಲಿ ಮೆಲ್ಲಗೆ ಅಲ್ಲಾಡಿಸಿ ಕಪ್ಪು ನೀರು ಬಸಿಯಿರಿ. ಕೈಯಿಂದ ತಿಕ್ಕಿದರೆ ಹೊಸ ಪುಡಿ ಹುಟ್ಟುತ್ತಲೇ ಇರುತ್ತದೆ. ಕೆಲವು ಗಂಟೆ ನೆನೆಯಲು ಬಿಟ್ಟರೆ ರಂಧ್ರಗಳಲ್ಲಿನ ಗಾಳಿ ಹೊರಟು, ತೇಲುತ್ತಿದ್ದ ಹರಳುಗಳೂ ತಳ ಸೇರುತ್ತವೆ.

ರಿಯಾಕ್ಟರಿನೊಳಗೆ ಅಡಿಯಲ್ಲಿ ಒಂದು ಸ್ಪಾಂಜ್, ಅದರ ಮೇಲೆ ಕಾರ್ಬನ್, ಮೇಲೊಂದು ಸ್ಪಾಂಜ್. ಹೆಚ್ಚಿನವರು ಎಡವುವುದು ಇಲ್ಲೇ: ಮೇಲಿನ ಸ್ಪಾಂಜನ್ನು ಮುಚ್ಚಳದ ಹತ್ತಿರ ಬಿಟ್ಟು, ನಡುವೆ ಖಾಲಿ ಜಾಗ ಉಳಿಸುತ್ತಾರೆ. ಆ ಜಾಗ ಇರುವತನಕ ಹರಳು ಆಡುತ್ತದೆ. ಸ್ಪಾಂಜನ್ನು ಕಾರ್ಬನ್ನಿಗೆ ತಾಗುವವರೆಗೆ ಕೆಳಗೆ ಒತ್ತಿ. ನೀರನ್ನು ಅಡಿಗೆ ಒಯ್ಯುವ ನಡುಕೊಳವೆಯ ಸುತ್ತ ಸ್ಪಾಂಜಿನ ತೂತು ಸಡಿಲವಾಗಿದ್ದರೆ ಹರಳು ಅಲ್ಲಿಂದಲೂ ನುಸುಳುತ್ತದೆ.

ಪಂಪನ್ನು ಸಂಪಿನಲ್ಲಿ (ಟ್ಯಾಂಕಿನ ನೀರು ಇಳಿದುಬರುವ ಫಿಲ್ಟರ್ ತೊಟ್ಟಿಯಲ್ಲಿ), ಕಸ ಹಿಡಿಯುವ ಫಿಲ್ಟರ್ ದಾಟಿದ ನೀರು ಸಿಗುವ ಕಡೆ ಇಡಿ, ಇಲ್ಲದಿದ್ದರೆ ಕಾರ್ಬನ್ ಕಸದಿಂದಲೇ ಕಟ್ಟಿಕೊಳ್ಳುತ್ತದೆ. ವಾಲ್ವ್ ಪಂಪಿಗೂ ರಿಯಾಕ್ಟರಿಗೂ ನಡುವೆ ಇರಲಿ. ಹೊರಹೋಗುವ ಕೊಳವೆಯಲ್ಲಿ ಹಾಕಿ ಬಿಗಿದರೆ ಒತ್ತಡವೆಲ್ಲ ಮುಚ್ಚಳದ ರಬ್ಬರ್ ಉಂಗುರದ ಮೇಲೆ ಬೀಳುತ್ತದೆ, ಸೋರಿಕೆ ಅಲ್ಲೇ ಶುರುವಾಗುತ್ತದೆ. ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ಅದು ರಬ್ಬರನ್ನು ಕೆಡಿಸಬಹುದು. ಮೊದಲ ಕೆಲವು ಲೀಟರ್ ನೀರನ್ನು ಸಂಪಿಗೆ ಬಿಡದೆ ಬಕೆಟ್ಟಿಗೆ ಹಾಯಿಸಿ, ತಿಳಿಯಾದ ಮೇಲೆ ಕೊಳವೆ ತಿರುಗಿಸಿ. ಗಾಳಿ ಸಿಕ್ಕಿಕೊಂಡಿದ್ದರೆ ರಿಯಾಕ್ಟರನ್ನು ಓರೆ ಮಾಡಿ ತಟ್ಟಿ.

ನಿಮ್ಮ ಟ್ಯಾಂಕಿಗೆ ಗಂಟೆಗೆ 150 ಲೀಟರ್ ಆಸುಪಾಸಿನ ಹರಿವು ಸಾಕು. ಹೊರಹರಿವಿನ ಕೊಳವೆಗೆ ಒಂದು ಲೀಟರಿನ ಜಗ್ ಹಿಡಿಯಿರಿ. 24 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸರಿಯಿದೆ. ಅಷ್ಟರಲ್ಲೂ ಹರಳು ಕದಲಿದರೆ ಇನ್ನೂ ತಗ್ಗಿಸಿ. ದಿನ ಕಳೆದಂತೆ ಹರಿವು ತಾನಾಗಿ ಇಳಿದರೆ ಸ್ಪಾಂಜ್ ಕಟ್ಟಿದೆ ಎಂದರ್ಥ. ವಾಲ್ವ್ ತೆರೆಯುವ ಬದಲು ಸ್ಪಾಂಜ್ ತೊಳೆಯಿರಿ.

ಕರೆಂಟ್ ಹೋಗಿಯೋ ಪಂಪ್ ಕೆಟ್ಟೋ ರಿಯಾಕ್ಟರ್ ದಿನವಿಡೀ ನಿಂತಿದ್ದರೆ, ಒಳಗಿನ ಆಮ್ಲಜನಕವನ್ನು ಬ್ಯಾಕ್ಟೀರಿಯಾ ಮುಗಿಸಿರುತ್ತವೆ. ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರನ್ನೂ ಕಾರ್ಬನ್ನನ್ನೂ ಚೆಲ್ಲಿ, ಸಂಪಿಗೆ ಬಿಡಬೇಡಿ.

ಬದಲಾವಣೆ ಮೂರು ನಾಲ್ಕು ವಾರಕ್ಕೊಮ್ಮೆ. ಅನುಮಾನವಿದ್ದರೆ ಒಂದು ಬಿಳಿ ಬಕೆಟ್ಟಿನಲ್ಲಿ ಟ್ಯಾಂಕಿನ ನೀರು, ಇನ್ನೊಂದರಲ್ಲಿ ಹೊಸದಾಗಿ ಕಲಸಿದ ಉಪ್ಪುನೀರು ತುಂಬಿ ಪಕ್ಕದಲ್ಲಿಡಿ. ಟ್ಯಾಂಕಿನದು ಹಳದಿ ಕಂಡರೆ ಕಾರ್ಬನ್ನಿನ ಕೆಲಸ ಮುಗಿದಿದೆ. ಮೆದು ಹವಳಗಳು ಬಿಡುವ ವಿಷ, ವಾಸನೆ, ಬಣ್ಣ ಇವನ್ನು ಅದು ಹಿಡಿಯುತ್ತದೆ. ಅಮೋನಿಯಾ, ನೈಟ್ರೇಟ್ ಇಳಿಯಲಿ ಎಂದು ಕಾಯುವುದು ವ್ಯರ್ಥ. ಔಷಧಿಯನ್ನೂ ಹೀರುವುದರಿಂದ, ಟ್ಯಾಂಕಿಗೆ ಮದ್ದು ಹಾಕುವ ದಿನಗಳಲ್ಲಿ ಕಾರ್ಬನ್ ತೆಗೆದಿಟ್ಟು, ಚಿಕಿತ್ಸೆ ಮುಗಿದ ಮೇಲೆ ಹೊಸದನ್ನು ಹಾಕಿ.