47ನೆಯ ಕೀರ್ತನೆ: ಸೋತವರು ಏಕೆ ಚಪ್ಪಾಳೆ ತಟ್ಟಬೇಕು?

ಬೈಬಲಿನ ಕೀರ್ತನೆಗಳ ಪುಸ್ತಕದ, ಒಂಬತ್ತೇ ವಚನಗಳ ಕೀರ್ತನೆ ಇದು. ಆದರೆ ಮೊದಲನೆಯ ಮತ್ತು ಮೂರನೆಯ ವಚನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಓದು ತಡವರಿಸುತ್ತದೆ. ಚಪ್ಪಾಳೆ ತಟ್ಟಿ ದೇವರಿಗೆ ಜಯಘೋಷ ಮಾಡಿರೆಂದು ಮೊದಲನೆಯದು ಎಲ್ಲ ಜನಾಂಗಗಳನ್ನೂ ಕರೆಯುತ್ತದೆ. ದೇವರು ಜನಾಂಗಗಳನ್ನು ನಮ್ಮ, ಅಂದರೆ ಇಸ್ರಾಯೇಲ್ಯರ, ಪಾದಗಳ ಕೆಳಗೆ ಹಾಕಿದನೆಂದು ಮೂರನೆಯದು ಹೇಳುತ್ತದೆ. ಹಾಗಾದರೆ ಈ ಚಪ್ಪಾಳೆ ಬಲವಂತದ್ದೇ?

ಉತ್ತರಕ್ಕೆ ಮುನ್ನ ಎರಡನೆಯ ವಚನದ ‘ಮಹಾರಾಜ’ ಎಂಬ ಪದವನ್ನು ಗಮನಿಸಿ. ಅಶ್ಶೂರದ ಅರಸರು ತಮಗೆ ತಾವೇ ಇಟ್ಟುಕೊಂಡ ಬಿರುದು ಅದು. 2 ಅರಸುಗಳು 18ರಲ್ಲಿ ಅಶ್ಶೂರದ ಅರಸನ ದೂತ ರಬ್ಷಾಕೆ ಯೆರೂಸಲೇಮನ್ನು ಬೆದರಿಸುವುದು ಈ ಬಿರುದನ್ನು ಹೇಳಿಯೇ. ಕೀರ್ತನೆ ಅದನ್ನು ದೇವರಿಗೆ ಸಲ್ಲಿಸುತ್ತದೆ. ಭೂಮಿಯ ಬೇರೆ ಯಾವ ಅರಸನಿಗೂ ಅದನ್ನು ಉಳಿಸುವುದಿಲ್ಲ, ಇಸ್ರಾಯೇಲಿನ ಅರಸನಿಗೂ.

ಐದನೆಯ ವಚನದಲ್ಲಿ ದೇವರು ಜಯಘೋಷದೊಡನೆ, ಕೊಂಬಿನ ಧ್ವನಿಯೊಡನೆ ಮೇಲಕ್ಕೆ ಏರುತ್ತಾನೆ. ಅರಸ ದಾವೀದನು ಮಂಜೂಷವನ್ನು, ಅಂದರೆ ದೇವರ ಸಾನ್ನಿಧ್ಯದ ಗುರುತಾದ ಪವಿತ್ರ ಪೆಟ್ಟಿಗೆಯನ್ನು, ತಂದ ಸಂದರ್ಭದಲ್ಲೂ (2 ಸಮುವೇಲ 6:15) ಮೂಲ ಹೀಬ್ರೂವಿನಲ್ಲಿ ಇವೇ ಎರಡು ಪದಗಳಿವೆ. ಕ್ರೈಸ್ತ ಸಭೆಗಳು ಇದನ್ನು ಕ್ರಿಸ್ತನ ಸ್ವರ್ಗಾರೋಹಣದ ದಿನ ಓದುವುದು ಈ ‘ಏರಿದನು’ ಎಂಬ ಮಾತಿನಿಂದಲೇ.

ಆರು ಮತ್ತು ಏಳನೆಯ ವಚನಗಳಲ್ಲಿ ‘ಹಾಡಿರಿ’ ಎಂಬ ಕರೆ ಐದು ಬಾರಿ ಬರುತ್ತದೆ. ಐದನೆಯ ಬಾರಿ ಅದರ ಜೊತೆಗೆ ‘ಮಸ್ಕೀಲ್’ ಎಂಬ ಪದ ಸೇರುತ್ತದೆ. ಅದನ್ನು ಒಂದು ಬಗೆಯ ಹಾಡಿನ ಹೆಸರೆಂದೂ ‘ಬುದ್ಧಿಪೂರ್ವಕವಾಗಿ’ ಎಂದೂ ಅರ್ಥಮಾಡುತ್ತಾರೆ. ನನಗೆ ಎರಡನೆಯದೇ ಇಷ್ಟ. ಗಟ್ಟಿಯಾಗಿ ಹಾಡುವವರು ಯೋಚಿಸುವುದಿಲ್ಲ, ಯೋಚಿಸುವವರು ಹಾಡುವುದಿಲ್ಲ ಎಂಬ ಹಳೆಯ ಜಗಳಕ್ಕೆ ಇಲ್ಲಿ ಜಾಗವೇ ಇಲ್ಲ.

ಇನ್ನು ಒಂಬತ್ತನೆಯ ವಚನ. ಜನಾಂಗಗಳ ಪ್ರಧಾನರು ‘ಅಬ್ರಹಾಮನ ದೇವರ ಪ್ರಜೆಯಾಗಿ’ ಕೂಡಿಬಂದಿದ್ದಾರೆ. ಹೀಬ್ರೂವಿನಲ್ಲಿ ‘ಪ್ರಜೆ’ ಎಂಬುದಕ್ಕೂ ‘ಜೊತೆಗೆ’ ಎಂಬುದಕ್ಕೂ ವ್ಯಂಜನಗಳು ಒಂದೇ. ಸ್ವರ ಮಾತ್ರ ಬೇರೆ, ಒಂದು ‘ಅಮ್’, ಇನ್ನೊಂದು ‘ಇಮ್’. ಪ್ರಾಚೀನ ಗ್ರೀಕ್ ಅನುವಾದ ‘ಅಬ್ರಹಾಮನ ದೇವರ ಜೊತೆಗೆ’ ಎಂದು ಓದಿತು. ಸಾಂಪ್ರದಾಯಿಕ ಹೀಬ್ರೂ ಪಾಠದ ಪ್ರಕಾರ ಹೊರಗಿನವರು ಅತಿಥಿಗಳಾಗಿ ಬಂದವರಲ್ಲ, ಅವರೇ ಪ್ರಜೆ. ಈ ವಚನದಲ್ಲಿ ಇಸ್ರಾಯೇಲ್ಯರ ಮೂಲಪುರುಷ ಯಾಕೋಬನ ಹೆಸರಿಲ್ಲದೆ ಅವನ ಅಜ್ಜ ಅಬ್ರಹಾಮನ ಹೆಸರಿರುವುದೂ ಗಮನಾರ್ಹ: ಭೂಲೋಕದ ಎಲ್ಲ ಕುಲಗಳಿಗೆ ಆಶೀರ್ವಾದದ ವಾಗ್ದಾನ (ಆದಿಕಾಂಡ 12:3) ಬಂದದ್ದು ಅಬ್ರಹಾಮನಿಗೆ. ಕ್ರಿಸ್ತನವರು ಅಬ್ರಹಾಮನ ಸಂತತಿಯವರೆಂದು ಅಪೊಸ್ತಲ ಪೌಲನು ಗಲಾತ್ಯ 3:29ರಲ್ಲಿ ಬರೆಯುವುದೂ ಇದೇ ಜಾಡಿನಲ್ಲಿ.

ಈಗ ಮೊದಲಿನ ಪ್ರಶ್ನೆಗೆ ಮರಳಿದರೆ, ಒಂದನೆಯ ವಚನದಲ್ಲಿ ಚಪ್ಪಾಳೆಗೆ ಕರೆಯಲ್ಪಟ್ಟವರು ಕೊನೆಯಲ್ಲಿ ಅರಸನ ಸ್ವಂತ ಮನೆಯವರಾಗಿ ನಿಂತಿದ್ದಾರೆ. ಹಾಗೆಂದು ಮೂರನೆಯ ವಚನ ಅಳಿಸಿಹೋಗುವುದಿಲ್ಲ. ಅಲ್ಲಿ ‘ನಮ್ಮ ಪಾದಗಳು’ ಎಂದವರು ಒಂಬತ್ತನೆಯ ವಚನಕ್ಕೆ ಬರುವಾಗ, ಆ ಪಾದಗಳ ಕೆಳಗಿದ್ದವರ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ.